ಪೌಷ್ಟಿಕತೆಯ ತಿಳಿವಳಿಕೆ ನೀಡುವ ಸಂಸ್ಥೆಯಲ್ಲಿ ನಿಜವಾಗಿ ಏನು ಕೆಲಸವಿರುತ್ತದೆ?

ಗದಗ ಕಡೆಯ ಹಳ್ಳಿಗಳಲ್ಲಿ ಪೌಷ್ಟಿಕ ಆಹಾರದ ತಿಳಿವಳಿಕೆ ನೀಡುವ ಸೇವಾ ಸಂಸ್ಥೆಯೊಂದಕ್ಕೆ ವಾರಕ್ಕೊಂದು ದಿನ ಹೋಗಬೇಕೆಂದಿದ್ದೀರಿ. ಅಲ್ಲಿ ಏನು ಕೆಲಸ, ಜನ ಕೇಳುತ್ತಾರೆಯೇ, ಬರೀ ಮಾತಿನಿಂದ ಏನಾದರೂ ಬದಲಾಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ಅಂಥದೇ ಒಂದು ಸಣ್ಣ ಸಂಸ್ಥೆಯ ಜೊತೆ ಗದಗ ಮತ್ತು ರೋಣ ತಾಲ್ಲೂಕುಗಳಲ್ಲಿ ನಾನು ಆರು ವರ್ಷ ಓಡಾಡಿದ್ದೇನೆ. ಖಂಡಿತ ಹೋಗಿ. ಭಾಷಣ ಬರೆದುಕೊಳ್ಳುವ ಗೋಜಿಗೆ ಹೋಗಬೇಡಿ, ಚೀಲದಲ್ಲಿ ಒಂದು ಚಮಚ, ಒಂದು ಬಟ್ಟಲು ಇಟ್ಟುಕೊಳ್ಳಿ.

ಚಮಚ ಏಕೆಂದು ಹೇಳುತ್ತೇನೆ. ಮಗುವಿಗೆ ಆರು ತಿಂಗಳು ತುಂಬಿದ ಮೇಲೆ ಬೇಳೆಯ ಕಟ್ಟು ಕುಡಿಸುವ ರೂಢಿ ನಮ್ಮ ಕಡೆ ಇದೆ. ಒಮ್ಮೆ ಅಂಗನವಾಡಿಯಲ್ಲಿ ಒಬ್ಬ ಅಜ್ಜಿ ಎಂಟು ತಿಂಗಳ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ‘ಬೇಳೆಯ ಸತ್ವವೆಲ್ಲ ಕಟ್ಟಿಗೇ ಇಳಿದಿರುತ್ತದಲ್ಲ’ ಎಂದರು. ಕೂತವರೆಲ್ಲ ತಲೆಯಾಡಿಸಿದರು. ನಮ್ಮ ಕಾರ್ಯಕರ್ತೆ ವಾದ ಮಾಡಲಿಲ್ಲ. ಚಮಚದಲ್ಲಿ ಕಟ್ಟು ತೆಗೆದುಕೊಂಡು ಓರೆ ಮಾಡಿದಳು, ಸುರಿದುಹೋಯಿತು. ಅನ್ನ ಮತ್ತು ಹೆಸರುಬೇಳೆಯನ್ನು ಬೆರಳಿನಿಂದ ನುಣ್ಣಗೆ ನುರಿದು, ಎರಡು ಹನಿ ತುಪ್ಪ ಬಿಟ್ಟು ಅದೇ ಚಮಚದಲ್ಲಿ ಎತ್ತಿ ಓರೆ ಮಾಡಿದಳು. ನಿಂತಿತು. ಎಂಟು ಕಿಲೋ ತೂಗುವ ಮಗುವಿನ ಹೊಟ್ಟೆಗೆ ಒಮ್ಮೆಗೆ ಹಿಡಿಸುವುದು ಹೆಚ್ಚೆಂದರೆ 240 ಮಿಲಿಲೀಟರ್. ಅಷ್ಟು ಜಾಗವನ್ನೂ ನೀರು ತುಂಬಿಕೊಂಡರೆ ಬೇಳೆಗೆ ಎಡೆ ಎಲ್ಲಿ? ಅಜ್ಜಿ ಚಮಚ ಇಸಿದುಕೊಂಡು ತಾವೇ ಓರೆ ಮಾಡಿ ನೋಡಿದರು. ಆಮೇಲೆ ಮೆಲ್ಲಗೆ, ‘ಗಂಟಲಿಗೆ ಸಿಕ್ಕರೆ?’ ಎಂದರು.

ಆ ಪ್ರಶ್ನೆ ಬಂದ ಮೇಲೆಯೇ ನಿಜವಾದ ಕೆಲಸ ಶುರುವಾಗುವುದು. ಅಜ್ಜಿ ಇಷ್ಟು ದಿನ ಕಟ್ಟು ಕುಡಿಸಿದ್ದರ ಹಿಂದೆ ಭಯವಿತ್ತು, ಅಕ್ಕರೆಯಿತ್ತು. ಮಗುವನ್ನು ಮಲಗಿಸದೆ ಕೂರಿಸಿ ತಿನ್ನಿಸಬೇಕು, ಗಂಟಿಲ್ಲದಂತೆ ನುರಿಯಬೇಕು, ಎರಡು ಮೂರು ಚಮಚದಿಂದ ಆರಂಭಿಸಿ ನಿಧಾನವಾಗಿ ಅರ್ಧ ಬಟ್ಟಲಿಗೆ ಏರಿಸಬೇಕು, ಎದೆಹಾಲು ಮುಂದುವರಿಯಬೇಕು. ಇಷ್ಟನ್ನು ಹೇಳಲು ಹತ್ತು ನಿಮಿಷ ಸಾಕು. ಆ ಭಯ ಬಾಯಿಗೆ ಬರುವವರೆಗೆ ಕಾಯಲು ಕೆಲವೊಮ್ಮೆ ಮೂರು ಭೇಟಿ ಬೇಕಾಗುತ್ತದೆ. ಅತ್ತೆಯನ್ನು ಬಿಟ್ಟು ಸೊಸೆಗಷ್ಟೇ ಪಾಠ ಹೇಳಿ ಬಂದರೆ ಆ ಸೊಸೆ ಮನೆಯಲ್ಲಿ ಬೈಸಿಕೊಳ್ಳುತ್ತಾಳೆ, ಅಷ್ಟೇ.

ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿಯನ್ನೂ ನಿಮ್ಮ ಕೈಗೆ ಕೊಡಬಹುದು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಪಟ್ಟಿ ಕೆಂಪು ತೋರಿಸುತ್ತದೆ, ಅಂದರೆ ತೀವ್ರ ಅಪೌಷ್ಟಿಕತೆ. ಆ ಮಗುವಿನ ತಾಯಿಗೆ ಆಹಾರದ ಪಾಠ ಹೇಳುತ್ತಾ ಕೂರಬೇಡಿ. ಆಶಾ ಕಾರ್ಯಕರ್ತೆಯನ್ನು ಕರೆದು ಅಂದೇ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ.

ಇನ್ನು ರಕ್ತಹೀನತೆ. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೇ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬಳು. ಗರ್ಭಿಣಿಯರಿಗೆ ಸರ್ಕಾರ 180 ದಿನ ಕಬ್ಬಿಣಾಂಶದ ಮಾತ್ರೆ ಕೊಡುತ್ತದೆ, ಆದರೆ ಎಷ್ಟೋ ಮನೆಗಳಲ್ಲಿ ಅದು ದೇವರ ಮಾಡದ ಸಂದಿಯಲ್ಲಿ ಹಾಗೆಯೇ ಬಿದ್ದಿರುವುದನ್ನು ನೋಡಿದ್ದೇನೆ. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಮೊದಲೇ ಯಾರೂ ಹೇಳಿರುವುದಿಲ್ಲ, ಹೆದರಿ ಬಿಟ್ಟುಬಿಡುತ್ತಾರೆ. ಕಪ್ಪಾಗುವುದು ಸಹಜ, ರಾತ್ರಿ ಊಟವಾದ ಮೇಲೆ ನುಂಗಿದರೆ ಸಂಕಟ ಕಡಿಮೆ ಎಂಬ ಎರಡು ಮಾತು ಹೇಳಿದ್ದರೆ ಎಷ್ಟೋ ಜನ ಬಿಡುತ್ತಿರಲಿಲ್ಲ. ಊಟದ ಬೆನ್ನಿಗೇ ಚಹಾ ಕುಡಿಯುವುದು ಇನ್ನೊಂದು ಕಂಟಕ. ಚಹಾದಲ್ಲಿರುವ ಟ್ಯಾನಿನ್ ಕಬ್ಬಿಣಾಂಶವನ್ನು ಹಿಡಿದಿಟ್ಟು ದೇಹಕ್ಕೆ ದಕ್ಕದಂತೆ ಮಾಡುತ್ತದೆ. ಚಹಾ ಬಿಡಿ ಎಂದರೆ ನಿಮ್ಮನ್ನು ಯಾರೂ ಒಳಗೆ ಸೇರಿಸುವುದಿಲ್ಲ. ಒಂದು ತಾಸು ಬಿಟ್ಟು ಕುಡಿಯಿರಿ ಎನ್ನಿ, ಪಲ್ಯದ ಮೇಲೆ ಲಿಂಬೆ ಹಿಂಡಿಕೊಳ್ಳಿ ಎನ್ನಿ.

ನಮ್ಮ ಸೀಮೆಯ ಊಟ ಬಡವಾದದ್ದಲ್ಲ, ಇದನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಹಸಿ ಮೆಂತ್ಯೆ ಸೊಪ್ಪು, ಗುರೆಳ್ಳು ಪುಡಿ, ಶೇಂಗಾ ಚಟ್ನಿ, ಮಜ್ಜಿಗೆ, ಇದಕ್ಕಿಂತ ಏನು ಬೇಕು? ನೂರು ಗ್ರಾಂ ಸಜ್ಜೆಯಲ್ಲಿ ಸುಮಾರು 6 ಮಿಲಿಗ್ರಾಂ ಕಬ್ಬಿಣಾಂಶವಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ಆದರೂ ಸಜ್ಜೆ ರೊಟ್ಟಿ ಬಹುತೇಕ ಮನೆಗಳಲ್ಲಿ ಸಂಕ್ರಾಂತಿಗೆ ಸೀಮಿತವಾಗುತ್ತಿದೆ. ಸೆಪ್ಟೆಂಬರ್ ಪೋಷಣ ಮಾಸ, ಪೌಷ್ಟಿಕತೆಯ ಪ್ರಚಾರಕ್ಕೆಂದು ಸರ್ಕಾರ ಮೀಸಲಿಟ್ಟ ತಿಂಗಳು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಎರೆಹೊಲದ ಹೆಸರುಕಾಳು ರಾಶಿಯಾಗಿ ಗದಗದ ಎಪಿಎಂಸಿ ಮಾರುಕಟ್ಟೆಗೆ ಹೊರಡುತ್ತದೆ. ಸಾಲದವರು ಕಾಯುತ್ತಿರುತ್ತಾರೆ, ಕಾಳೆಲ್ಲ ಹೋಗುತ್ತದೆ, ಬರುವಾಗ ಮಕ್ಕಳಿಗೆಂದು ಬಿಸ್ಕತ್ತಿನ ಪೊಟ್ಟಣ ಬರುತ್ತದೆ. ನಾವು ಆ ತಿಂಗಳು ಒಂದೇ ಮಾತು ಹಿಡಿದು ಮನೆಮನೆಗೆ ಹೋಗುತ್ತಿದ್ದೆವು: ಅರ್ಧ ಚೀಲ ಹೆಸರು ಮನೆಗೆಂದು ತೆಗೆದಿಡಿ. ಈ ಮಾತನ್ನು ಹೆಂಗಸರಿಗೆ ಹೇಳಿ ಪ್ರಯೋಜನವಿಲ್ಲ, ಚೀಲ ಹೊಲಿಯುವ ಗಂಡಸರಿಗೆ ಹೇಳಬೇಕು. ಹಾಗಾಗಿ ಸಂಜೆ ಕಟ್ಟೆಯ ಮೇಲೆ ಕೂರಲು ಕಲಿತೆವು. ನನ್ನ ಆರು ವರ್ಷಗಳಲ್ಲಿ ಇಷ್ಟು ಫಲ ಕೊಟ್ಟ ಮಾತು ಬೇರೊಂದಿಲ್ಲ. ಕಾಳು ಕೆಡದಂತೆ ಇಡುವುದು, ಸಿರಿಧಾನ್ಯದ ಅಡುಗೆ ಇಂಥವಕ್ಕೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ತೆಗೆದಿಡಲು ಹೊಲವೇ ಇಲ್ಲದ ಮನೆಗಳೂ ಇವೆ. ಕೂಲಿ ಸಿಕ್ಕ ದಿನ ಒಲೆ ಹೊತ್ತುವ ಕಡೆ ನಿಂತು ಹಾಲು, ಮೊಟ್ಟೆ, ಹಣ್ಣು ಎಂದು ಹೇಳುವುದು ಅವರನ್ನು ನೋಯಿಸಿದಂತೆ. ಅಲ್ಲಿ ಪಡಿತರ ಚೀಟಿ ಇದೆಯೇ, ಬಸುರಿಯ ಹೆಸರು ಅಂಗನವಾಡಿಯಲ್ಲಿ ದಾಖಲಾಗಿದೆಯೇ, ಬಸುರಿ ಬಾಣಂತಿಯರಿಗೆ ಅಂಗನವಾಡಿಯಿಂದ ಕೊಡುವ ಮಾತೃಪೂರ್ಣ ಯೋಜನೆಯ ಊಟ ಅವಳಿಗೆ ಸಿಗುತ್ತಿದೆಯೇ ಎಂದು ಕೇಳಿ, ಇಲ್ಲವಾದರೆ ಜೊತೆಗೆ ಹೋಗಿ ಬರೆಸಿ. ಇದೂ ಪೌಷ್ಟಿಕತೆಯ ಕೆಲಸವೇ.

ಮೊದಲ ದಿನ ಯಾರಾದರೂ ಊಟಕ್ಕೆ ಕರೆದರೆ ಒಲ್ಲೆ ಎನ್ನಬೇಡಿ. ಅತಿಥಿ ಎಂದು ಮೊದಲ ಪಂಕ್ತಿಯಲ್ಲೇ ಕೂರಿಸಲು ನೋಡುತ್ತಾರೆ. ಅಡುಗೆ ಮಾಡಿದವರ ಜೊತೆಗೇ ಉಣ್ಣುತ್ತೇನೆ ಎಂದು ಹಟ ಹಿಡಿಯಿರಿ. ಎಲ್ಲರದೂ ಮುಗಿದು ಅವರು ಕೂರುವ ಹೊತ್ತಿಗೆ ಪಲ್ಯದ ಬೋಗುಣಿಯಲ್ಲಿ ಎಷ್ಟು ಉಳಿದಿರುತ್ತದೆ ಎಂದು ಕಣ್ಣಾರೆ ನೋಡಿ. ನಿಮ್ಮ ಪುಸ್ತಕದ ಮೊದಲ ಪುಟದಲ್ಲಿ ಅದನ್ನು ಬರೆದಿಟ್ಟುಕೊಳ್ಳಿ.