ಬೆಳಗಾಗುವಾಗ ಒರೆಸಿದ ಬಣ್ಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರು ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ರಾಕ್ಷಸ ಪಾತ್ರಗಳನ್ನು ಮಾಡುತ್ತಿದ್ದ ಬಣ್ಣದ ವೇಷಧಾರಿ, ವಯಸ್ಸು ಅರವತ್ತು ದಾಟಿದೆ. ಮಂಡಿ ನೋವು ತಾಳಲಾರದೆ ಮೇಳ, ಅಂದರೆ ತಮ್ಮ ವೃತ್ತಿ ತಂಡ, ಬಿಟ್ಟಿದ್ದರು. ನಿದ್ದೆಯಿಲ್ಲ, ಮಾತೂ ಕಡಿಮೆಯಾಗಿದೆ ಎಂದು ಮಗ ಆಪ್ತಸಮಾಲೋಚನೆಗೆ ನನ್ನ ಬಳಿ ಕರೆತಂದಿದ್ದ. ಬಹಳ ಹೊತ್ತಿನ ಮೇಲೆ ಅವರು ಹೇಳಿದರು: "ಕವಿಗೆ ಪುಸ್ತಕವಿದೆ, ಶಿಲ್ಪಿಗೆ ಕಲ್ಲಿದೆ. ನಾನು ರಾತ್ರಿ ಮುಖದ ಮೇಲೆ ಬರೆದದ್ದನ್ನೆಲ್ಲ ಬೆಳಿಗ್ಗೆ ತೆಂಗಿನೆಣ್ಣೆ ಹಚ್ಚಿ ಒರೆಸಿದ್ದೇನೆ. ಉಳಿದದ್ದೇನು?"

ವೇಷ ಕಟ್ಟುವ ಚೌಕಿಯಲ್ಲಿ ಕುಳಿತು ಬಣ್ಣಗಾರಿಕೆ ನೋಡಿದವರಿಗೆ ಈ ಮಾತಿನ ಭಾರ ಗೊತ್ತು. ಅಕ್ಕಿಹಿಟ್ಟಿಗೆ ಸುಣ್ಣ ಬೆರೆಸಿ, ಕಡ್ಡಿಯ ತುದಿಯಿಂದ ಚುಕ್ಕಿಯ ಮೇಲೆ ಚುಕ್ಕಿ ಇಡುತ್ತಾ ಹೋಗಬೇಕು. ಮುಖದ ಮೇಲೆ ಚುಟ್ಟಿಯ, ಅಂದರೆ ಆ ಹಿಟ್ಟಿನ ಉಬ್ಬು ಚುಕ್ಕಿಗಳ, ಮುಳ್ಳಿನಂಥ ಸಾಲು ಏಳುವಷ್ಟರಲ್ಲಿ ಗಂಟೆಗಳೇ ಕಳೆದಿರುತ್ತವೆ. ಅದನ್ನು ಬೇರೆಯವರು ಬರೆದುಕೊಡುವುದಿಲ್ಲ. ಕನ್ನಡಿ ಹಿಡಿದು ಕಲಾವಿದನೇ ಬರೆದುಕೊಳ್ಳಬೇಕು. ಆಮೇಲೆ ದೊಂದಿಯ ಬೆಳಕಿನಲ್ಲಿ ಜನರ ನಡುವಿನಿಂದ ಮಹಿಷಾಸುರ ರಂಗಕ್ಕೆ ಬರುತ್ತಾನೆ.

"ನಿಮ್ಮ ಕಲೆ ಅಮರ" ಎಂಬ ಮಾತನ್ನು ಅವರು ಸನ್ಮಾನದ ವೇದಿಕೆಗಳಲ್ಲಿ ಬೇಕಾದಷ್ಟು ಕೇಳಿದ್ದರು. ನಾನು ಅದನ್ನು ಹೇಳಲಿಲ್ಲ. ಹಾಗೆ ಭರವಸೆ ಕೊಡುವ ಅಧಿಕಾರ ನನಗಿಲ್ಲ. ಈ ಯೋಚನೆ ಯಾವಾಗ ಶುರುವಾಯಿತು ಎಂದಷ್ಟೇ ಕೇಳಿದೆ. ಇಡೀ ರಾತ್ರಿಯ ಬದಲು ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿಯ ಆಟಗಳು ಬಂದಾಗಲೇ? ಅಲ್ಲ. ಮೇಳಗಳ ತಿರುಗಾಟ ಮುಗಿಯುವ ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚಿಟ್ಟವರು, ನವೆಂಬರಿನಲ್ಲಿ ಮೇಳ ಮತ್ತೆ ಹೊರಟಾಗ ಮನೆಯಲ್ಲೇ ಉಳಿದರಲ್ಲ, ಆಗ. ಮೊದಲು ಬಂದದ್ದು ದುಃಖ. ಬದುಕೆಲ್ಲ ವ್ಯರ್ಥ ಎಂಬ ತೀರ್ಪು ಅದರ ಬೆನ್ನಿಗೆ ಬಂದಿತ್ತು. ದಶಕಗಟ್ಟಲೆ ರಾತ್ರಿ ಕುಣಿದು ಹಗಲು ಮಲಗಿದ ದೇಹಕ್ಕೆ ರಾತ್ರಿಯ ನಿದ್ದೆ ಅಷ್ಟು ಬೇಗ ಒಗ್ಗುವುದೂ ಇಲ್ಲ. ನಿದ್ದೆಗೆಟ್ಟ ಹೊತ್ತಿನಲ್ಲಿ ಜೀವಮಾನದ ಕೆಲಸವನ್ನು ತೂಗಬೇಡಿ ಎಂದು ನೇರವಾಗಿ ಹೇಳಿ, ಮೊದಲು ವೈದ್ಯರ ಬಳಿಗೆ ಕಳುಹಿಸಿದೆ.

ಮುಂದಿನ ಭೇಟಿಯಲ್ಲಿ ಹಿಟ್ಟಿನ ಹದದ ಬಗ್ಗೆ ಕೇಳಿದೆ. ಮಾತು ಕಡಿಮೆಯಾಗಿದೆ ಎನ್ನಿಸಿಕೊಂಡವರು ನಿಲ್ಲಿಸದೆ ಹೇಳಿದರು: ಎಷ್ಟು ತೆಳುವಾದರೆ ಇಳಿಯುತ್ತದೆ, ಎಷ್ಟು ಗಟ್ಟಿಯಾದರೆ ಬಿರಿಯುತ್ತದೆ. ಯಾರು ಕಲಿಸಿದರು? ಗುರುಗಳು, ಅವರ ಬೆರಳುಗಳನ್ನು ನೋಡುತ್ತಾ ಕಲಿತದ್ದು. ಆ ಗುರುಗಳ ಒಂದು ಆಟವೂ ಚಿತ್ರೀಕರಣಗೊಂಡಿಲ್ಲ.

ಮನೆಗೆಲಸವಾಗಿ ಒಂದು ಪಟ್ಟಿ ಬರೆಯಲು ಕೊಟ್ಟೆ. ಮನಸ್ಸಿಟ್ಟು ಮಾಡಿದ ವೇಷಗಳು ಯಾವುವು, ಆ ದಿನದ ಸಂಬಳಕ್ಕಾಗಿ ಮಾಡಿ ಮುಗಿಸಿದವು ಯಾವುವು? ಎರಡನ್ನೂ ಬರೆಯಬೇಕು, ಚಪ್ಪಾಳೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಕಲಾವಿದರಿಗೆ ಹೊಗಳಿಕೆಗಿಂತ ಇಂಥ ನಿಷ್ಠುರ ಲೆಕ್ಕವೇ ಹೆಚ್ಚು ನೆಮ್ಮದಿ ಕೊಡುತ್ತದೆ ಎಂದು ನಾನು ನಂಬಿದ್ದೇನೆ. ಮೊದಲನೆಯ ಸಾಲಿನಲ್ಲಿ ಅವರು ಬರೆದುಕೊಂಡು ಬಂದದ್ದು ಕೆಲವೇ ವೇಷಗಳನ್ನು. ಆದರೆ ಒಂದೊಂದಕ್ಕೂ ಕಾರಣ ಕೊಟ್ಟಿದ್ದರು. ಹವ್ಯಾಸಿ ತಂಡದ ಯಾರಿಗಾದರೂ ಬಣ್ಣಗಾರಿಕೆ ಹೇಳಿಕೊಡಿ, ಹಾಗೆ ಕಲಿಸುವಾಗ ಕೈ ಕಾಣುವಂತೆ ಮೊಬೈಲಿನಲ್ಲಿ ಚಿತ್ರೀಕರಿಸಲಿ ಎಂದೂ ಸೂಚಿಸಿದೆ.

ಈಗ ನಿದ್ದೆ ಸುಧಾರಿಸಿದೆ. ಭಾನುವಾರಗಳಂದು ಒಬ್ಬ ಹುಡುಗ ಬರುತ್ತಿದ್ದಾನೆ. ಅವನಿಗೆ ತಾಳ್ಮೆ ಸಾಲದು ಎಂಬುದು ಅವರ ದೂರು. ಪ್ರೇಕ್ಷಕರಾಗಿ ಕುಳಿತು ಆಟ ನೋಡುವುದು ಅವರಿಗೆ ಇನ್ನೂ ಸಾಧ್ಯವಾಗಿಲ್ಲ. ನಾನೂ ಒತ್ತಾಯಿಸುತ್ತಿಲ್ಲ.