ಮೂರು ದಿನ, ಹದಿನಾಲ್ಕು ಜಾಗ, ಒಬ್ಬರು ಅಜ್ಜಿ

ಪತ್ರ: ರಜೆಗೆ ಮೂರು ದಿನ ದೊಡ್ಡ ನಗರವೊಂದಕ್ಕೆ ಹೊರಟಿದ್ದೇವೆ. ಹನ್ನೊಂದರ ಮಗ, ಐದರ ಮಗಳು, ಮಂಡಿನೋವಿನ ಅತ್ತೆ ಜೊತೆಗಿರುತ್ತಾರೆ. ನೋಡಲೇಬೇಕಾದ ಹದಿನಾಲ್ಕು ಜಾಗಗಳ ಪಟ್ಟಿ ಲಗತ್ತಿಸಿದ್ದೇನೆ. ಒಂದನ್ನೂ ಬಿಡದೆ ಮುಗಿಸುವುದು ಹೇಗೆ? ಮ್ಯೂಸಿಯಂ ಮಕ್ಕಳಿಗೆ ಬೋರು, ಥೀಮ್ ಪಾರ್ಕೊಂದೇ ಸಾಕು ಅನ್ನುತ್ತಾರೆ ನಮ್ಮ ಯಜಮಾನರು. ನೀವೇನಂತೀರಿ?

ಸಂಪಾದಕರ ಉತ್ತರ: ಪಟ್ಟಿ ನೋಡಿದೆ. ದುಂಡು ಅಕ್ಷರ, ಪ್ರತಿ ಜಾಗದ ಮುಂದೆ ಗಂಟೆ, ನಿಮಿಷ. ಈ ಅಚ್ಚುಕಟ್ಟು ನಮ್ಮ ಲೇಖಕರಿಗಿದ್ದಿದ್ದರೆ ನನ್ನ ರಕ್ತದೊತ್ತಡ ಎಷ್ಟೋ ಇಳಿಯುತ್ತಿತ್ತು. ಆದರೂ ತಾಯಿ, ಅದರಲ್ಲಿ ಹನ್ನೊಂದನ್ನು ದಯವಿಟ್ಟು ಹೊಡೆದುಹಾಕಿ. ದಿನಕ್ಕೊಂದು ಜಾಗ ಸಾಕು. ಮಕ್ಕಳನ್ನು ಕಟ್ಟಿಕೊಂಡು ಹೋಗುವುದು ಊರು ನೋಡುವುದಕ್ಕೋ, ಹಾಜರಿ ಹಾಕುವುದಕ್ಕೋ?

ಯಜಮಾನರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ರೋಲರ್ ಕೋಸ್ಟರಿನ ತುದಿಯಿಂದ ಕಿರುಚುವ ಸುಖ ಹನ್ನೊಂದರ ಹುಡುಗನಿಗೆ ಬೇರೆಲ್ಲೂ ಸಿಗದು, ಒಪ್ಪಿದೆ. ಆದರೆ ಆ ಗೇಟಿನಲ್ಲಿ ಎತ್ತರ ಅಳೆಯುವ ಪಟ್ಟಿ ಇರುತ್ತದೆಯಲ್ಲ, ನಿಮ್ಮ ಚಿಕ್ಕವಳು ಅಲ್ಲೇ ವಾಪಸು. ಅವಳು ಅಳುತ್ತಾಳೆ, ನೀವು ಸಮಾಧಾನ ಮಾಡುತ್ತೀರಿ, ಅತ್ತೆ ಚೀಲ ಕಾಯುತ್ತಾ ಬೆಂಚಿನ ಮೇಲೆ ಕೂತಿರುತ್ತಾರೆ. ತಮಾಷೆ ಏನೆಂದರೆ, ಈ ಪಾರ್ಕುಗಳ ಕಥೆ ಶುರುವಾದದ್ದೇ ಬೆಂಚಿನಿಂದ. ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ಹೆಣ್ಣುಮಕ್ಕಳು ತಿರುಗುಕುದುರೆ ಹತ್ತಿದ್ದಾಗ ತಾನು ಬೆಂಚಿನ ಮೇಲೆ ಸುಮ್ಮನೆ ಕೂತಿದ್ದೆ, ಹೆತ್ತವರೂ ಮಕ್ಕಳೂ ಕೂಡಿ ಆಡುವ ಜಾಗ ಬೇಕು ಅನ್ನಿಸಿದ್ದು ಆಗಲೇ ಎಂದು ವಾಲ್ಟ್ ಡಿಸ್ನಿ ಹೇಳಿಕೊಂಡಿದ್ದರು. 1955ರಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಆ ಮೇಲ್ಪಂಕ್ತಿ ಹಿಡಿದು ಜಗತ್ತಿನ ತುಂಬ ಪಾರ್ಕುಗಳು ಎದ್ದವು. ಅಜ್ಜಿಯಂದಿರು ಮಾತ್ರ ಇನ್ನೂ ಬೆಂಚು ಬಿಟ್ಟು ಎದ್ದಿಲ್ಲ.

ಇನ್ನು ಮ್ಯೂಸಿಯಂ ಬೋರು ಎಂಬ ಆಪಾದನೆ. ಬಾಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿದ್ದ ಬೆಂಜಮಿನ್ ಗಿಲ್ಮನ್ ಎಂಬಾತ 1916ರಲ್ಲೇ ಇದನ್ನು ಕೈಗೆತ್ತಿಕೊಂಡಿದ್ದ. ಒಬ್ಬ ಮನುಷ್ಯನಿಗೆ ಪ್ರದರ್ಶನದಲ್ಲಿದ್ದ ವಸ್ತುಗಳನ್ನು ನೋಡಿ ಪ್ರಶ್ನೆಗಳಿಗೆ ಉತ್ತರಿಸಲು ಹೇಳಿ, ಆತ ಬಗ್ಗುವುದು, ಕತ್ತು ಚಾಚುವುದು, ಸೊಂಟ ಮುರಿಯುವುದನ್ನೆಲ್ಲ ಫೋಟೊ ತೆಗೆದು ಲೇಖನದ ಜೊತೆ ಅಚ್ಚು ಹಾಕಿಸಿದ. ವಯಸ್ಕನ ಪಾಡೇ ಹಾಗಿದ್ದರೆ, ಗಾಜಿನ ಪೆಟ್ಟಿಗೆಯ ಅಂಚು ಮೂಗಿನ ಮಟ್ಟಕ್ಕೆ ಬರುವ ನಿಮ್ಮ ಮಗಳ ಪಾಡೇನು? ಅವಳಿಗೆ ದಣಿವಾಗಿರುತ್ತದೆ, ನಾವು ಬೋರು ಅಂದುಕೊಳ್ಳುತ್ತೇವೆ. ಹಾಗಾಗಿ ಇಡೀ ಕಟ್ಟಡ ಸುತ್ತಬೇಡಿ. ಒಂದೇ ಕೋಣೆ ಆರಿಸಿಕೊಳ್ಳಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿಗೆ ಹೋದವರು ಸೂರಿನಿಂದ ತೂಗುಬಿಟ್ಟ 25 ಮೀಟರಿನ ನೀಲಿ ತಿಮಿಂಗಿಲದ ಅಸ್ಥಿಪಂಜರದ ಕೆಳಗೆ ಅರ್ಧ ಗಂಟೆ ನಿಂತು ಹೊರಬಂದರೂ ನಷ್ಟವೇನಿಲ್ಲ. ಅಲ್ಲಿ ಪ್ರವೇಶ ಉಚಿತ, ನಾಳೆ ಮತ್ತೆ ಹೋಗಬಹುದು.

ನನ್ನ ಹೀರೊ ಯಾರು ಗೊತ್ತೆ? ಫ್ರಾಂಕ್ ಓಪನ್‌ಹೈಮರ್. ಅಣುಬಾಂಬಿನ ಓಪನ್‌ಹೈಮರನ ತಮ್ಮ. ಕಮ್ಯುನಿಸ್ಟ್ ಎಂಬ ಹಣೆಪಟ್ಟಿಯಿಂದ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡು, ದನ ಸಾಕಿ, ಹೈಸ್ಕೂಲಿನಲ್ಲಿ ಪಾಠ ಹೇಳಿ, ಕೊನೆಗೆ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎಕ್ಸ್‌ಪ್ಲೊರೇಟೋರಿಯಂ ಎಂಬ ವಿಜ್ಞಾನ ಮ್ಯೂಸಿಯಂ ತೆರೆದ ಪುಣ್ಯಾತ್ಮ. ಅಲ್ಲಿರುವುದೆಲ್ಲ ಮುಟ್ಟಿ, ತಿರುಗಿಸಿ, ಎಳೆದು ನೋಡುವಂಥದ್ದೇ. ಮ್ಯೂಸಿಯಮ್ಮಿನಲ್ಲಿ ಯಾರೂ ಫೇಲಾಗುವುದಿಲ್ಲ ಎನ್ನುತ್ತಿದ್ದ ಆತ.

ಅಂಥದೇ ಒಂದು ವಿಜ್ಞಾನ ಕೇಂದ್ರದಲ್ಲಿ ನಾನು ಕಂಡದ್ದು ಹೇಳುತ್ತೇನೆ. ಫೂಕೊ ಲೋಲಕ ತೂಗುತ್ತಿತ್ತು. 1851ರಲ್ಲಿ ಫೂಕೊ ಎಂಬ ಫ್ರೆಂಚ್ ವಿಜ್ಞಾನಿ ಪ್ಯಾರಿಸಿನ ಪ್ಯಾಂಥಿಯನ್ ಎಂಬ ಭವನದಲ್ಲಿ 67 ಮೀಟರ್ ತಂತಿಗೆ ಗುಂಡು ಕಟ್ಟಿ ಭೂಮಿ ತಿರುಗುವುದನ್ನು ಊರಿಗೆಲ್ಲ ತೋರಿಸಿದರಲ್ಲ, ಅದರ ಮರಿ. ಸುತ್ತಲೂ ಸಣ್ಣ ಗೂಟ ನಿಲ್ಲಿಸಿದ್ದರು. ತೂಗಾಟದ ದಿಕ್ಕು ಸರಿಯುತ್ತಾ ಹೋದಂತೆ ಒಂದೊಂದೇ ಗೂಟ ಬೀಳಬೇಕು. ಹುಡುಗಿಯೊಬ್ಬಳು ಕಂಬಿಗೆ ಗಲ್ಲ ಒತ್ತಿ, ಉಸಿರು ಬಿಗಿಹಿಡಿದು ಕೂತಿದ್ದಳು. ಗುಂಡು ಗೂಟವನ್ನು ಸವರಿತು, ಗೂಟ ಅಲುಗಿತು, ಬೀಳಲಿಲ್ಲ. ಇನ್ನೊಂದು ಸಲ ಸವರಿದರೆ ಬಿದ್ದೇಬೀಳುತ್ತದೆ ಎನ್ನುವಾಗ ಅಪ್ಪ ರಟ್ಟೆ ಹಿಡಿದು ಎಬ್ಬಿಸಿದ: "ಮೇಲಿನ ಮಹಡಿ ಬಾಕಿ ಇದೆ, ನಡಿ." ಅವರು ಮೆಟ್ಟಿಲು ಹತ್ತುವಷ್ಟರಲ್ಲಿ ಗೂಟ ಬಿತ್ತು. ಆ ಅಪ್ಪನ ಜೇಬಿನಲ್ಲೂ ನಿಮ್ಮಂಥದೇ ಪಟ್ಟಿ ಇತ್ತು ಎಂದು ಬಾಜಿ ಕಟ್ಟುತ್ತೇನೆ.

ಬೇಜಾರಾಗಬೇಡಿ, ತಪ್ಪು ನಿಮ್ಮೊಬ್ಬರದಲ್ಲ. ದೊಡ್ಡ ನಗರಗಳು ಮಕ್ಕಳನ್ನು ಟಿಕೆಟ್ ಕೌಂಟರಿನ ಒಳಗೆ ಮಾತ್ರ ಬರಮಾಡಿಕೊಳ್ಳುತ್ತವೆ. ಹೊರಗೆ ಕೂರಲು ಕಟ್ಟೆಯಿಲ್ಲ, ಹತ್ತಿರದಲ್ಲಿ ಶೌಚಾಲಯವಿಲ್ಲ, ಹುಲ್ಲಿನ ಮೇಲೆ ಕಾಲಿಡಬೇಡಿ ಎಂಬ ಬೋರ್ಡು ಬೇರೆ. ಮಹಾಯುದ್ಧ ಮುಗಿದ ಮೇಲೆ ಆಮ್‌ಸ್ಟರ್‌ಡ್ಯಾಮ್ ನಗರ 1947ರಿಂದ ಮೂರು ದಶಕಗಳಲ್ಲಿ ಆಲ್ಡೊ ವಾನ್ ಐಕ್ ಎಂಬ ವಾಸ್ತುಶಿಲ್ಪಿಯ ಕೈಯಲ್ಲಿ 700ಕ್ಕೂ ಹೆಚ್ಚು ಆಟದ ಬಯಲು ಮಾಡಿಸಿತು, ಅದೂ ಮೂಲೆಮೂಲೆಯ ಖಾಲಿ ಜಾಗಗಳಲ್ಲಿ. ಮರಳುಗುಂಡಿ, ಲಾಗ ಹಾಕಲು ಕಬ್ಬಿಣದ ಕಂಬಿ, ಅಷ್ಟೆ. ಮರಳುಗುಂಡಿಯ ಕಾಂಕ್ರೀಟ್ ಅಂಚು ಎಷ್ಟು ಅಗಲವೆಂದರೆ ದೊಡ್ಡವರೂ ಅದರ ಮೇಲೇ ಕೂರಬಹುದಿತ್ತು. ಅವುಗಳಲ್ಲಿ ಬಹುಪಾಲು ಈಗಿಲ್ಲ. ಇದಕ್ಕೆ ಯಾರೂ ಸಂಪಾದಕರಿಗೆ ಪತ್ರ ಬರೆಯುವುದಿಲ್ಲ ನೋಡಿ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೊದಲ ದಿನ ಒಂದು ಮ್ಯೂಸಿಯಂ, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ. ಬಹಳಷ್ಟು ಕಡೆ ಗಾಲಿಕುರ್ಚಿ ಕೊಡುತ್ತಾರೆ, ಅತ್ತೆಗಾಗಿ ಮೊದಲೇ ಫೋನ್ ಮಾಡಿ ಕೇಳಿ. ಎರಡನೇ ದಿನ ದೊಡ್ಡದೊಂದು ಸಾರ್ವಜನಿಕ ಉದ್ಯಾನ, ಚೆಂಡು ಮರೆಯಬೇಡಿ. ಮೂರನೇ ದಿನ ಆ ಊರಿನವರು ದಿನಾ ಓಡಾಡುವ ದೋಣಿಯನ್ನೋ ಟ್ರಾಮನ್ನೋ ಹತ್ತಿ, ಕೊನೆಯ ನಿಲ್ದಾಣ ಮುಟ್ಟಿ ವಾಪಸು ಬನ್ನಿ. ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್ ದೋಣಿಗೆ 1997ರಿಂದ ಟಿಕೆಟ್ಟೇ ಇಲ್ಲ, ಇಪ್ಪತ್ತೈದು ನಿಮಿಷದ ದಾರಿಯಲ್ಲಿ ಲಿಬರ್ಟಿ ಪ್ರತಿಮೆಯೂ ಕಾಣುತ್ತದೆ. ಯಜಮಾನರು ಪಟ್ಟು ಬಿಡದಿದ್ದರೆ ಅವತ್ತು ಅವರನ್ನೂ ಮಗನನ್ನೂ ಥೀಮ್ ಪಾರ್ಕಿನ ಸಾಲಿಗೆ ಕಳಿಸಿ. ಅತ್ತೆಗೆ ಕಿಟಕಿ ಪಕ್ಕದ ಸೀಟು ಹಿಡಿದುಕೊಡಿ.