ಹೊಸ ಗೀಸರ್ ಫಿಟ್ ಮಾಡೋಕೆ ಕಂಪನಿ ಟೆಕ್ನೀಷಿಯನ್ನೇ ಬೇಕಾ, ಲೋಕಲ್ ಪ್ಲಂಬರ್ ಸಾಕಾ?

ನೀರಿನ ಕನೆಕ್ಷನ್ನು ಯಾವ ಪ್ಲಂಬರ್ ಆದ್ರೂ ಕೊಡ್ತಾರೆ, ತಲೆನೋವಿರೋದು ಕರೆಂಟ್ ಕಡೆ. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪ್ ಎಳೆಯುತ್ತೆ, ಅದಕ್ಕೆ 16 ಆಂಪ್ ಸಾಕೆಟ್ಟು, ಅದಕ್ಕೇ ಅಂತ ಪ್ರತ್ಯೇಕ ಎಂಸಿಬಿ (ಲೋಡ್ ಜಾಸ್ತಿಯಾದ್ರೆ ತಾನೇ ಆಫ್ ಆಗೋ ಸ್ವಿಚ್ಚು), ಅರ್ಥಿಂಗ್ ಇರ್ಲೇಬೇಕು, ಹಳೇ ಬಾಡಿಗೆ ಮನೆಗಳಲ್ಲಿ ಸಾಕೆಟ್ಟಿಗೆ ಮೂರನೇ ತೂತು ಇರುತ್ತೆ ಆದ್ರೆ ಹಿಂದೆ ಅರ್ಥ್ ವೈರೇ ಇರಲ್ಲ, ಎಲೆಕ್ಟ್ರಿಷಿಯನ್ ಕೈಲಿ ಮೀಟರ್ ಇಟ್ಟು ಚೆಕ್ ಮಾಡಿಸ್ಕೊಳ್ಳಿ. ಹಾಗಾಗಿ ನನ್ನ ಪ್ರಕಾರ ಕಂಪನಿಯವ್ರನ್ನೇ ಕರೆಸಿ, ವಾರಂಟಿ ಕಿರಿಕ್ಕೂ ಇರಲ್ಲ. ಫ್ರೀ ಇನ್‌ಸ್ಟಲೇಶನ್ ಅಂತಾರೆ, ಪೈಪು ವಾಲ್ವಿಗೆ ದುಡ್ಡು ಕೇಳ್ತಾರೆ, ಮೊದಲೇ ಮಾತಾಡ್ಕೊಳ್ಳಿ.

ಅವ್ರು ಬಂದಾಗ ಪಕ್ಕದಲ್ಲೇ ನಿಂತ್ಕೊಂಡು ನೋಡಿ. ತಣ್ಣೀರು ಒಳಗೆ ಹೋಗೋ ಕಡೆ ಸೇಫ್ಟಿ ವಾಲ್ವ್ ಹಾಕ್ತಾರೆ, ಬಿಸಿಯಾಗುವಾಗ ಅದರಿಂದ ಹನಿ ಹನಿ ನೀರು ಬಿದ್ರೆ ಅದು ಲೀಕ್ ಅಲ್ಲ ಒಳಗಿನ ಪ್ರೆಶರ್ ಬಿಡ್ತಿದೆ ಅಷ್ಟೇ, ಕೆಲವರು ಬಾತ್‌ರೂಮ್ ಒದ್ದೆ ಆಗುತ್ತೆ ಅಂತ ಆ ವಾಲ್ವಿಗೇ ಡಮ್ಮಿ (ಮುಚ್ಚಳ) ಹಾಕಿಸಿ ಮುಚ್ಚಿಸ್ತಾರೆ, ದಯವಿಟ್ಟು ಬೇಡ, ಟ್ಯಾಂಕ್ ಒಡೆಯೋ ಚಾನ್ಸ್ ಇದೆ. ಬಿಸಿನೀರಿಗೆ ಸಿಪಿವಿಸಿ (ಬಿಸಿ ತಡ್ಕೊಳ್ಳೋ ಪ್ಲಾಸ್ಟಿಕ್) ಪೈಪೇ ಇರ್ಲಿ, ಮಾಮೂಲಿ ಪಿವಿಸಿ ಮೆತ್ತಗಾಗುತ್ತೆ. 25 ಲೀಟರ್ ಗೀಸರ್ ನೀರು ತುಂಬಿದ್ಮೇಲೆ 30 ಕೆಜಿ ದಾಟುತ್ತೆ, ಹಾಲೋ ಬ್ಲಾಕ್ (ಒಳಗೆ ಟೊಳ್ಳಿರೋ ಇಟ್ಟಿಗೆ) ಗೋಡೆ ಆದ್ರೆ ಮೊದಲೇ ಹೇಳ್ಬಿಡಿ. ಮತ್ತೆ ಬಿಸಿನೀರಿನ ನಲ್ಲೀಲಿ ನೀರು ಬರೋವರ್ಗೂ ಸ್ವಿಚ್ ಹಾಕೋಕೆ ಬಿಡ್ಬೇಡಿ, ಖಾಲಿ ಟ್ಯಾಂಕಲ್ಲಿ ಆನ್ ಮಾಡಿದ್ರೆ ಕಾಯಿಲ್ ಸುಟ್ಟೋಗುತ್ತೆ.